ಹನ್ನೆರಡು ಗರಿಯ ಟರ್ಕಿ

ನಿಮ್ಮ ಎಡಗೈಯನ್ನು ಒಂದು ಹಾಳೆಯ ಮೇಲೆ ಅಗಲವಾಗಿ ಊರಿ. ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಬೆರಳುಗಳ ಸುತ್ತ ಗೆರೆ ಎಳೆಯಿರಿ. ಕೈ ತೆಗೆಯಿರಿ. ಹೆಬ್ಬೆರಳಿಗೆ ಒಂದು ಕಣ್ಣು, ಒಂದು ಕೊಕ್ಕು. ಕೆಳಗೆ ಎರಡು ಕಡ್ಡಿ ಕಾಲು. ಆಯಿತು, ಟರ್ಕಿ ಹಕ್ಕಿ ಸಿದ್ಧ! ಹೆಬ್ಬೆರಳು ಅದರ ತಲೆ, ಉಳಿದ ಬೆರಳುಗಳು ಬಾಲದ ಗರಿಗಳು.

ಈಗ ಹೇಳಿ, ಗರಿ ಎಷ್ಟು?

ನಾಲ್ಕು ಅಂದಿರಿ ತಾನೆ? ಜರ್ಸಿ ಸಿಟಿಯಲ್ಲಿ ನಮ್ಮ ಬೀದಿಯ ಕೊನೆಗಿರುವ ನರ್ಸರಿ ಸ್ಕೂಲಿನ ಹದಿನೈದು ಮಕ್ಕಳೂ ನಾಲ್ಕು ಅಂದವು. ಹದಿನಾರನೆಯದು ಮಾತ್ರ ಹನ್ನೆರಡು ಅಂದಿತು.

ಆ ಹದಿನಾರನೆಯದು ನನ್ನ ಮಗಳು.

ಟರ್ಕಿ ಅಂದರೆ ದೇಶವಲ್ಲವೇ ಎಂದು ಕೇಳಬೇಡಿ. ನಮ್ಮ ಅತ್ತೆ ಆಗಲೇ ಕೇಳಿದ್ದಾರೆ. ಇದು ಇಲ್ಲಿಯ ಒಂದು ದೊಡ್ಡ ಕೋಳಿಯಂಥ ಹಕ್ಕಿ. ಕತ್ತಿನ ಕೆಳಗೆ ಕೆಂಪು ಚರ್ಮ ಜೋಲಾಡುತ್ತದೆ. ಗಂಡು ಹಕ್ಕಿ ಬಾಲ ಬಿಚ್ಚಿ ನಿಂತರೆ ಬಡವರ ಮನೆಯ ನವಿಲು. ನವೆಂಬರ್ ಕೊನೆಯ ಹೊತ್ತಿಗೆ ಒಂದು ಗುರುವಾರ ಈ ದೇಶದವರೆಲ್ಲ ಮನೆಮಂದಿಯೊಡನೆ ಕೂತು, ಈ ವರ್ಷ ದೇವರು ಕೊಟ್ಟದ್ದಕ್ಕೆ ಥ್ಯಾಂಕ್ಸ್ ಹೇಳಿ, ಅದನ್ನು ಬೇಯಿಸಿ ತಿನ್ನುತ್ತಾರೆ. ಅದಕ್ಕೂ ಎರಡು ವಾರ ಮೊದಲೇ ನರ್ಸರಿ ಸ್ಕೂಲುಗಳಲ್ಲಿ ಎಲ್ಲವೂ ಟರ್ಕಿಮಯ. ಬಣ್ಣ ಕಲಿಯುವುದು ಟರ್ಕಿಯ ಗರಿಯಲ್ಲಿ. ಎಣಿಸಲು ಕಲಿಯುವುದೂ ಟರ್ಕಿಯ ಗರಿಯಲ್ಲಿ. ಕಂದು ಕಾಗದದ ಚೀಲಕ್ಕೆ ಹಳೆಯ ಪೇಪರ್ ತುಂಬಿದರೆ ಟರ್ಕಿಯ ಹೊಟ್ಟೆ. ಪೈನ್ ಮರದ ಕಾಯಿಗೆ ಬಣ್ಣದ ಕಾಗದ ಸಿಕ್ಕಿಸಿದರೂ ಟರ್ಕಿಯೇ. ಮಕ್ಕಳು ಸಾಲಾಗಿ ಕುಪ್ಪಳಿಸುತ್ತ 'ಗಾಬಲ್ ಗಾಬಲ್' ಎಂದು ಕೂಗುವುದು ವ್ಯಾಯಾಮ.

"ತಿನ್ನೋ ಹಕ್ಕೀನ ಮಕ್ಕಳ ಕೈಲಿ ಬರೆಸ್ತಾರಾ?" ಎಂದು ಅತ್ತೆ ಕೇಳಿದರು. "ಮುದ್ದು ಮುದ್ದಾಗಿ ಬರೆಸಿ, ಆಮೇಲೆ ಅದನ್ನೇ ತಿಂತಾರಾ?"

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೆ?

ಇರಲಿ, ಮೊದಲಿನಿಂದ ಹೇಳುತ್ತೇನೆ.

ಶಾಲಿನಿಗೆ ನಾಲ್ಕು ವರ್ಷ. ಮನೆಯಲ್ಲಿ ಶಾಲು. ಸ್ಕೂಲಿನಲ್ಲಿ ಶೆಲ್ಲಿ. (ಅವಳ ಹೆಸರನ್ನು ಹಾಗೆ ಕತ್ತರಿಸಿದವರು ಯಾರೆಂದು ನನಗೂ ಗೊತ್ತಿಲ್ಲ. ಒಂದು ದಿನ ಕೋಟಿನ ಗೂಟದ ಮೇಲೆ ಆ ಹೆಸರು ಅಂಟಿಸಿತ್ತು, ಅಷ್ಟೆ.) ಸೆಪ್ಟೆಂಬರಿನಲ್ಲಿ ಅವಳನ್ನು ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುವ ನರ್ಸರಿಗೆ ಸೇರಿಸಿದೆವು. ಅದೇ ತಿಂಗಳು ಮೈಸೂರಿನಿಂದ ನಮ್ಮ ಅತ್ತೆ ಆರು ತಿಂಗಳ ಮಟ್ಟಿಗೆ ಬಂದರು. ನಮ್ಮವರು ಬೆಳಿಗ್ಗೆ ಏಳಕ್ಕೇ ರೈಲು ಹಿಡಿದು ನದಿಯಾಚೆ ನ್ಯೂಯಾರ್ಕಿನ ಆಫೀಸಿಗೆ ಹೋದರೆ ಬರುವುದು ಸಂಜೆ ಆರೂವರೆಗೆ. ಹಗಲೆಲ್ಲ ಅಜ್ಜಿ ಮೊಮ್ಮಗಳದ್ದೇ ರಾಜ್ಯ. ಸ್ಕೂಲಿನಿಂದ ಬಂದ ಶಾಲು ಶೂ ಬಿಚ್ಚುವ ಮೊದಲೇ ಬಾಯಿ ಬಿಚ್ಚುತ್ತಿದ್ದಳು. ಅಳಿಲು ಏನು ಮಾಡಿತು, ಯಾವ ಹುಡುಗಿ ಯಾರನ್ನು ತಳ್ಳಿದಳು, ಅಂಟಿನ ಡಬ್ಬಿಗೆ ಬೆರಳು ಹಾಕಿ ನೆಕ್ಕಿದವರು ಯಾರು, ಎಲ್ಲ ವರದಿ ಅಜ್ಜಿಗೆ, ಕನ್ನಡದಲ್ಲಿ.

ಅಕ್ಟೋಬರ್ ಕೊನೆಯಲ್ಲಿ ಟೀಚರು ಚೀಟಿ ಕಳಿಸಿದರು. ಬಂದು ಕಾಣಿ ಎಂದು.

ಟೀಚರ ಹೆಸರು ಮಿಸೆಸ್ ನೊವಾಕ್. ನಲವತ್ತು ದಾಟಿದ, ಎತ್ತರದ, ದೊಡ್ಡ ಕೈಗಳ ಹೆಂಗಸು. ಮಕ್ಕಳ ಮೂಗು ಒರೆಸಲು ತೋಳಿನೊಳಗೆ ಸದಾ ಒಂದು ಕರವಸ್ತ್ರ. ಒಳ್ಳೆಯವರು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ನಿಮಗೆ ಅವರ ಮೇಲೆ ಕೋಪ ಬರಬಾರದು.

"ಶೆಲ್ಲಿ ಮಾತೇ ಆಡುವುದಿಲ್ಲ," ಎಂದರು.

ನಾನು ನಕ್ಕುಬಿಟ್ಟೆ. ಬೇರೆ ಯಾರದೋ ಮಗುವಿನ ಬಗ್ಗೆ ಹೇಳುತ್ತಿದ್ದಾರೆ ಅನ್ನಿಸಿತು.

ಅವರು ನಗಲಿಲ್ಲ. "ಎರಡು ತಿಂಗಳಲ್ಲಿ ನಾನು ಕೇಳಿದ್ದು ಎರಡೋ ಮೂರೋ ಮಾತು. ಅದಕ್ಕಿಂತ ನನಗೆ ಚಿಂತೆ ಲೆಕ್ಕದ್ದು. ಐದು ತೋರಿಸು ಅಂದರೆ ಐದು ಬೆರಳು ಎತ್ತುವುದಿಲ್ಲ. ಕೈ ಮಡಚಿಕೊಂಡು ಬೆರಳ ಜೊತೆ ಏನೋ ಆಡುತ್ತಾ ನಿಲ್ಲುತ್ತಾಳೆ. ಎಲ್ಲ ಮಕ್ಕಳಿಗೂ ಐದರವರೆಗೆ ಬರುತ್ತದೆ. ಅವಳಿಗೆ ಎರಡೂ ಬಂದ ಹಾಗೆ ಕಾಣೆ."

"ಮನೆಯಲ್ಲಿ ನೂರರವರೆಗೆ ಹೇಳ್ತಾಳೆ," ಎಂದೆ.

"ಯಾವ ಭಾಷೆಯಲ್ಲಿ?"

ನಾನು ಹೇಳಿದೆ. ಕನ್ನಡದ ಹೆಸರನ್ನು ಅವರಿಗಾಗಿ ಎರಡು ಸಲ ಹೇಳಬೇಕಾಯಿತು. ಅವರು ತಲೆಯಾಡಿಸಿದರು, ರೋಗ ಪತ್ತೆಯಾದ ಡಾಕ್ಟರ ಹಾಗೆ.

"ಅದೇ ತೊಂದರೆ. ಎರಡು ಭಾಷೆಯ ಮಧ್ಯೆ ಮಗು ಸಿಕ್ಕಿಹಾಕಿಕೊಂಡಿದೆ. ಇವತ್ತಿನಿಂದ ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ. ಎಲ್ಲರೂ. ಕ್ರಿಸ್‌ಮಸ್ ತನಕ ನೋಡೋಣ. ಸುಧಾರಿಸದಿದ್ದರೆ ಜನವರಿಯಲ್ಲಿ ಪರೀಕ್ಷೆ ಮಾಡಿಸಬೇಕು. ನಿಧಾನವಾಗಿ ಕಲಿಯುವ ಮಕ್ಕಳಿಗೆ ಬೇರೆ ಕ್ಲಾಸ್ ಇದೆ."

ನಿಧಾನವಾಗಿ ಕಲಿಯುವ ಮಕ್ಕಳು. ಈ ಮೂರು ಪದ ಹೊತ್ತುಕೊಂಡು ನಾನು ಮನೆಗೆ ನಡೆದೆ. ಶಾಲು ನನ್ನ ಕೈ ಹಿಡಿದು ಮುಂದೆ ಮುಂದೆ ಜಿಗಿಯುತ್ತಿದ್ದಳು. ಬಿದ್ದ ಮೇಪಲ್ ಎಲೆಗಳನ್ನು ಆಯ್ದು, "ಇದು ಅಜ್ಜಿಗೆ, ಇದೂ ಅಜ್ಜಿಗೆ, ಇದು ತೂತಾಗಿದೆ, ಅಣ್ಣನಿಗೆ," ಎನ್ನುತ್ತಿದ್ದಳು. (ಅಪ್ಪನನ್ನು ಅವಳು ಅಣ್ಣ ಎನ್ನುವುದು.)

ಸಂಜೆ ನಮ್ಮವರಿಗೆ ಹೇಳಿದೆ. ಅವರು ಎಂಜಿನಿಯರು. ತಿಳಿದವರು ಹೇಳಿದ್ದನ್ನು ಮಾಡಬೇಕು ಎನ್ನುವ ಜಾತಿ.

"ಅವರು ಟ್ರೇನಿಂಗ್ ಆದವರು ಲಲಿತಾ. ನಮಗಿಂತ ಅವರಿಗೆ ಗೊತ್ತಿರತ್ತೆ. ಎರಡು ತಿಂಗಳ ಮಾತು ತಾನೆ, ಟ್ರೈ ಮಾಡೋಣ."

"ಅತ್ತೆ?"

ಅವರು ಅಡುಗೆಮನೆಯ ಕಡೆ ನೋಡಿದರು. ಅತ್ತೆಗೆ ಬರುವ ಇಂಗ್ಲಿಷು 'ಥ್ಯಾಂಕ್ಯೂ' ಮತ್ತು 'ಪೋಸ್ಟ್'. ನಮ್ಮವರೇ ಹೋಗಿ, ಕೆಳಗೆ ಕೂತು, ತಾಯಿಗೆ ವಿವರಿಸಿದರು. ಅತ್ತೆ ಹುರುಳಿಕಾಯಿ ಬಿಡಿಸುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು.

"ಮಗುಗೆ ಒಳ್ಳೇದಾಗೋದಾದ್ರೆ ನಾನ್ಯಾಕೆ ಅಡ್ಡ ಬರ್ಲಿ? ಬಾಯಿಗೆ ಬೀಗ ಹಾಕ್ಕೋತೀನಿ ಬಿಡು."

ಹಾಕಿಕೊಂಡರು ಕೂಡ.

ಓದುಗರೇ, ನಿಮ್ಮ ಮನೆಯಲ್ಲಿ ಒಂದು ದಿನ ಇದನ್ನು ಮಾಡಿ ನೋಡಿ. ನನಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಬಿ.ಎಸ್ಸಿ. ಮಾಡಿದ್ದೇನೆ, ಪರೀಕ್ಷೆಯೆಲ್ಲ ಇಂಗ್ಲಿಷಿನಲ್ಲೇ ಬರೆದಿದ್ದೇನೆ. ಆದರೆ ಕಪ್ಪೆಯ ಜೀರ್ಣಾಂಗದ ಬಗ್ಗೆ ನಾಲ್ಕು ಪುಟ ಬರೆಯಬಲ್ಲ ನನಗೆ, ಜಡೆ ಹೆಣೆಯುವಾಗ ಮಗಳಿಗೆ ಹೇಳಲು ಇಂಗ್ಲಿಷಿನಲ್ಲಿ ಏನೂ ಹೊಳೆಯಲಿಲ್ಲ. ಈಟ್. ಕಮ್. ವಾಷ್ ಯುವರ್ ಹ್ಯಾಂಡ್ಸ್. ಗೋ ಟು ಸ್ಲೀಪ್. ವಾರ ಕಳೆಯುವಷ್ಟರಲ್ಲಿ ಗಮನಿಸಿದೆ: ನಮ್ಮ ಮನೆಯಲ್ಲಿ ಉಳಿದದ್ದು ಬರೀ ಅಪ್ಪಣೆಗಳು. ಪೊಲೀಸ್ ಸ್ಟೇಷನ್ನಿನಲ್ಲಿ ಇದಕ್ಕಿಂತ ಹೆಚ್ಚು ಹರಟೆ ನಡೆಯುತ್ತದೆ.

ಶಾಲು ಮೊದಲೆರಡು ದಿನ ಇದನ್ನೊಂದು ಆಟ ಅಂದುಕೊಂಡಳು. ಮೂರನೆಯ ದಿನ ಸ್ಕೂಲಿನಿಂದ ಓಡಿ ಬಂದು "ಅಜ್ಜೀ, ಇವತ್ತು..." ಎಂದು ಶುರು ಮಾಡಿದಾಗ ಅತ್ತೆ ನನ್ನ ಮುಖ ನೋಡಿ, ತುಟಿಯ ಮೇಲೆ ಬೆರಳಿಟ್ಟರು. ಮಗು ಬಾಯಿ ಮುಚ್ಚಿತು. ಆ ಇವತ್ತು ಏನಾಗಿತ್ತೋ, ನಮಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಇಬ್ಬರೂ ಕಿಟಕಿಯ ಹತ್ತಿರ, ಹೀಟರಿನ ಕಾವಿಗೆ, ಸುಮ್ಮನೆ ಕೂರತೊಡಗಿದರು. ಅತ್ತೆ ಕೈ ಚಾಚುವರು, ಮಗು ಕೈ ಚಾಚುವುದು. ಇಬ್ಬರೂ ಬೆರಳು ಮುಟ್ಟಿಕೊಳ್ಳುತ್ತ ಏನೋ ಆಟ. ಎದುರಿನ ಬೀದಿಯಲ್ಲಿ ಹೋಗುವ ಕಾರು ಎಣಿಸುತ್ತಿದ್ದರೋ, ಪಾರಿವಾಳ ಎಣಿಸುತ್ತಿದ್ದರೋ. ನಾನು ಅಡುಗೆಮನೆಯಿಂದ ನೋಡುತ್ತಿದ್ದೆ. ನೋಡುತ್ತಿದ್ದೆ ಅಷ್ಟೆ, ಕಾಣುತ್ತಿರಲಿಲ್ಲ. ದಿನವೂ ಕಣ್ಣೆದುರಿಗಿರುವುದು ಹಾಗೇ ಅಲ್ಲವೆ?

ಹೀಗೆ ಮೂರು ವಾರ.

ಅಷ್ಟರಲ್ಲಿ ನೇರಳೆ ಶಾಯಿಯ ಸೈಕ್ಲೋಸ್ಟೈಲ್ ಚೀಟಿಯೊಂದು ಬಂತು. ಮಂಗಳವಾರ ಟರ್ಕಿ ಡೇ. ಯಾರಾದರೂ ತಾಯಂದಿರು ಸಹಾಯಕ್ಕೆ ಬರಬೇಕು. ಬರುವಾಗ ಕಾಗದದ ಚೀಲ ಮತ್ತು ಒಣ ಕಾಳು ತರಬೇಕು. ನಾನು ಹೆಸರು ಕೊಟ್ಟೆ. ಸಹಾಯ ಮಾಡುವ ಉತ್ಸಾಹವೇನಲ್ಲ. ನನ್ನ ಮಗಳು ಅಲ್ಲಿ ಹೇಗಿರುತ್ತಾಳೆ, ನಿಜಕ್ಕೂ ಹೇಗಿರುತ್ತಾಳೆ, ಕಣ್ಣಾರೆ ನೋಡಬೇಕಿತ್ತು. ಅತ್ತೆಯನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಯಾರಾದರೂ ಬಾಗಿಲು ತಟ್ಟಿದರೆ ಅವರಿಗೆ ದಿಗಿಲು. ಹಾಗಾಗಿ ಸೀರೆಯ ಮೇಲೆ ಮಗನ ಹಳೆಯ ಓವರ್‌ಕೋಟು, ಕಾಲಿಗೆ ಉಣ್ಣೆಯ ಸಾಕ್ಸು ಹಾಕಿಕೊಂಡು, ತೊಗರಿಬೇಳೆ, ಹೆಸರುಕಾಳು, ಕಡಲೆಕಾಳಿನ ಪೊಟ್ಟಣ ಹಿಡಿದು ಅವರೂ ಹೊರಟರು.

ಅಡುಗೆ ಕಲಿಸುತ್ತಾರೆ ಎಂದುಕೊಂಡಿದ್ದರು. ಕಾಳುಗಳನ್ನು ಅಂಟಿನಿಂದ ಕಾಗದಕ್ಕೆ ಮೆತ್ತುತ್ತಾರೆ ಎಂದು ಗೊತ್ತಾದಾಗ ಅವರ ಮುಖ ನೋಡಬೇಕಿತ್ತು! ಬೇಳೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡರು. ಆಮೇಲೆ ಮಕ್ಕಳ ಕುಳ್ಳ ಕುರ್ಚಿಯೊಂದರಲ್ಲಿ ಕೂತು, ಅಂಟು ಮುಟ್ಟದೆ, ಒಂದು ತಟ್ಟೆಯಲ್ಲಿ ಸುಮ್ಮನೆ ಕಾಳು ಜೋಡಿಸತೊಡಗಿದರು. ಹಳದಿಗೊಂದು ಸಾಲು, ಹಸಿರಿಗೊಂದು ಸಾಲು. ಐದು ನಿಮಿಷದಲ್ಲಿ ಬಾಲ ಬಿಚ್ಚಿದ ಹಕ್ಕಿಯೊಂದು ತಟ್ಟೆಯಲ್ಲಿತ್ತು. ಹಬ್ಬಕ್ಕೆ ಬಾಗಿಲಲ್ಲಿ ರಂಗೋಲಿ ಬಿಟ್ಟ ಕೈ ಅದು. ಮೂರು ಮಕ್ಕಳು ಕುಪ್ಪಳಿಸುವುದನ್ನು ಬಿಟ್ಟು ಬಂದು ಅವರ ಮೊಣಕಾಲಿಗೆ ಒರಗಿ ನಿಂತವು.

ಆಮೇಲೆ ಕೈ ಟರ್ಕಿ. ನಾನು ಮೊದಲು ಹೇಳಿದೆನಲ್ಲ, ಅದು. ನಾನು ಮೇಜಿನಿಂದ ಮೇಜಿಗೆ ಹೋಗಿ ಪುಟ್ಟ ಕೈಗಳ ಸುತ್ತ ಗೆರೆ ಎಳೆದುಕೊಟ್ಟೆ. ಮಕ್ಕಳು ಬಣ್ಣ ತುಂಬಿದರು. ಎಲ್ಲರೂ ವೃತ್ತಾಕಾರವಾಗಿ ನೆಲದ ಮೇಲೆ ಕೂತರು. ಮಿಸೆಸ್ ನೊವಾಕ್ ಒಬ್ಬೊಬ್ಬರ ಚಿತ್ರ ಎತ್ತಿ ತೋರಿಸಿ ಕೇಳುತ್ತಿದ್ದರು: "ನಿನ್ನ ಟರ್ಕಿಗೆ ಎಷ್ಟು ಗರಿ?"

"ಫೋರ್!"

"ಫೋರ್!"

"ಫೋರ್!"

ಶಾಲುವಿನ ಸರದಿ. ಅವಳು ಎದ್ದು ನಿಂತಳು. ಬಲಗೈ ಮಡಚಿತು. ಬೆರಳುಗಳ ಜೊತೆ ಏನೋ ಆಟ. ಟೀಚರು ಕಾದರು. ಒಬ್ಬ ಹುಡುಗಿ ಪಿಸುಮಾತಿನಲ್ಲಿ "ಫೋರ್" ಎಂದು ಹೇಳಿಕೊಟ್ಟಳು. ನಾನು ಮನಸ್ಸಿನಲ್ಲೇ ಹೇಳಿಕೊಡುತ್ತಿದ್ದೆ. ಹೇಳು ಕಂದಾ, ನಾಲ್ಕು. ಬರೀ ನಾಲ್ಕು.

"ಟ್ವೆಲ್ವ್," ಎಂದಳು ಶಾಲು. ಸಣ್ಣ ದನಿ, ಆದರೆ ಸ್ಪಷ್ಟ.

ಮಕ್ಕಳು ನಕ್ಕರು. ಟೀಚರು ನಗಲಿಲ್ಲ. ಅವಳ ತಲೆ ಸವರಿ, ನನ್ನ ಕಡೆ ತಿರುಗಿ, ಮರುಕದಿಂದ ಒಮ್ಮೆ ನೋಡಿದರು. ನೋಡಿದಿರಲ್ಲ, ನಾನು ಹೇಳಿದ್ದು ಇದೇ, ಎನ್ನುವ ನೋಟ. ಬಯ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಿಜ ಹೇಳುತ್ತೇನೆ, ಆ ಕ್ಷಣ ನಾನೂ ನಂಬಿಬಿಟ್ಟೆ. ನನ್ನ ಮಗು ನಿಧಾನ.

ಆಗ ಹಿಂದಿನಿಂದ ದನಿ ಬಂತು. ಮೂರು ವಾರದಿಂದ ನಾನು ಕೇಳದ ದನಿ.

"ಸರಿಯಾಗೇ ಹೇಳಿದ್ಳಲ್ಲೇ ಮಗು!"

ಅತ್ತೆ ಕುಳ್ಳ ಕುರ್ಚಿಯಿಂದ ಎದ್ದು ನಿಂತಿದ್ದರು. ಕನ್ನಡದಲ್ಲಿ, ಜೋರಾಗಿ, ಚರ್ಚಿನ ನೆಲಮಾಳಿಗೆ ತುಂಬುವಂತೆ.

"ಏನತ್ತೆ?"

"ಟ್ವೆಲ್ಲು ಅಂದ್ರೆ ಹನ್ನೆರಡು ತಾನೆ? ಅವಳೇ ನಂಗೆ ಹೇಳ್ಕೊಟ್ಟಿದಾಳೆ. ಹನ್ನೆರಡು ಸರಿಯಾಗೇ ಇದೆ. ಆ ಚಿತ್ರ ನೋಡೇ ಲಲಿತಾ! ನೀನೂ ನೋಡ್ದೆ ಇದ್ರೆ ಹೇಗೆ?"

ನೋಡಿದೆ. ಟೀಚರ ಕೈಯಲ್ಲಿದ್ದ ಹಾಳೆಯಲ್ಲಿ ಶಾಲುವಿನ ಕೈ. ಒಂದೊಂದು ಬೆರಳಿನಲ್ಲೂ ಎರಡು ಅಡ್ಡಗೆರೆ. ಅಡ್ಡಗೆರೆಯಿಂದಾದ ಮೂರು ಭಾಗಕ್ಕೂ ಬೇರೆ ಬೇರೆ ಬಣ್ಣ: ಕೆಂಪು, ಹಳದಿ, ಕಂದು. ನಾಲ್ಕು ಬೆರಳು, ಬೆರಳಿಗೆ ಮೂರು ಗೆಣ್ಣು. ಗೆಣ್ಣಿಗೊಂದು ಗರಿ. ನಾಲ್ಕು ಮೂರಲೆ ಹನ್ನೆರಡು.

ಇನ್ನು ಅವಳ ಮಡಚಿದ ಕೈ? ಹೆಬ್ಬೆರಳು ತೋರುಬೆರಳಿನ ತುದಿಯ ಗೆಣ್ಣಿನ ಮೇಲೆ ಕೂತಿತ್ತು. ಹನ್ನೆರಡನೆಯದರ ಮೇಲೆ!

ನೀವು ನಗುತ್ತಿರಬಹುದು. ನಿಮ್ಮ ಅಜ್ಜಿ, ನಮ್ಮ ಅಜ್ಜಿ, ಎಲ್ಲರೂ ಎಣಿಸಿದ್ದು ಹೀಗೇ. ಕಿರುಬೆರಳ ಬುಡದಿಂದ ಹೆಬ್ಬೆರಳು ಹತ್ತುತ್ತ ಹೋಗುತ್ತದೆ, ಒಂದು, ಎರಡು, ಮೂರು. ಆಮೇಲೆ ಪಕ್ಕದ ಬೆರಳು. ತಿಥಿ ಎಣಿಸುವುದೂ ಹಾಗೆ, ಜಪ ಎಣಿಸುವುದೂ ಹಾಗೆ, ಮದುವೆಗೆ ಬಂದ ನೆಂಟರನ್ನು ಎಣಿಸುವುದೂ ಹಾಗೆ. ಆದರೆ ನಾನು? ಸ್ಕೂಲು ಕಾಲೇಜು ಮೆಟ್ಟಿಲು ಹತ್ತಿದವಳು, ಹೆಬ್ಬೆರಳಿನ ಆ ಓಡಾಟವನ್ನು ಲೆಕ್ಕ ಎಂದುಕೊಂಡೇ ಇರಲಿಲ್ಲ.

ನಾನು ಟೀಚರಿಗೆ ವಿವರಿಸಿದೆ. ಅವರು ನೆಲದ ಮೇಲೆ ಮೊಣಕಾಲೂರಿ ಶಾಲುವಿನ ಎತ್ತರಕ್ಕೆ ಬಂದರು.

"ಶೆಲ್ಲಿ, ನನಗೆ ಐದು ತೋರಿಸು."

ಹೆಬ್ಬೆರಳು ಉಂಗುರ ಬೆರಳಿನ ನಡುಗೆಣ್ಣಿನ ಮೇಲೆ ಹೋಗಿ ನಿಂತಿತು.

"ಏಳು?"

ನಡುಬೆರಳ ಬುಡ.

"ಹನ್ನೊಂದು?"

ತೋರುಬೆರಳ ನಡುವೆ. ಯೋಚಿಸಲೇ ಇಲ್ಲ.

ಮಿಸೆಸ್ ನೊವಾಕ್ ತಮ್ಮ ದೊಡ್ಡ ಕೈ ತೆರೆದು, ಎಲ್ಲರೆದುರು, ಕಿರುಬೆರಳಿಂದ ತಾವೂ ಎಣಿಸಿ ನೋಡಿದರು. ಒಂದು ಸಲ ತಪ್ಪಿದರು. ಶಾಲು ಅವರ ಹೆಬ್ಬೆರಳು ಹಿಡಿದು ಸರಿಯಾದ ಜಾಗಕ್ಕೆ ಸರಿಸಿದಳು.

"ಸೆಪ್ಟೆಂಬರಿಂದ ಕೇಳುತ್ತಿದ್ದೇನೆ," ಎಂದರು ಅವರು ನನ್ನನ್ನು ನೋಡದೆ. "ಸೆಪ್ಟೆಂಬರಿಂದ ತೋರಿಸುತ್ತಲೇ ಇದ್ದಾಳೆ."

ಆಮೇಲಿನ ಗದ್ದಲ ಕೇಳಬೇಡಿ. ಎಲ್ಲ ಮಕ್ಕಳಿಗೂ ತಮ್ಮ ಟರ್ಕಿಗೆ ಹನ್ನೆರಡು ಗರಿ ಬೇಕು. ಕ್ರೇಯಾನಿಗಾಗಿ ಜಗಳ. ಒಬ್ಬ ಕೆಂಚು ಕೂದಲಿನ ಹುಡುಗಿ ಹೆಬ್ಬೆರಳಿಗೂ ಗೆರೆ ಹಾಕಿ ಹದಿನಾಲ್ಕು ಮಾಡಿದಳು. ತಲೆಗೂ ಗರಿ ಇರುತ್ತದೆ ಎಂದು ಅವಳ ವಾದ. (ಟರ್ಕಿಯ ತಲೆ ಬೋಳು. ಯಾರೂ ತಿದ್ದಲಿಲ್ಲ.) ಅತ್ತೆಯ ಮುಂದೆ ಕೈ ಚಾಚಿಕೊಂಡ ಮಕ್ಕಳ ಸಾಲು. ಅವರು ಒಬ್ಬೊಬ್ಬರ ಬೆರಳೂ ಹಿಡಿದು, "ಒಂದು, ಎರಡು, ಮೂರು," ಎಂದು ಕನ್ನಡದಲ್ಲೇ ಎಣಿಸಿಕೊಟ್ಟರು. ಯಾವ ಮಗುವಿಗೂ ಅದು ಬೇರೆ ಭಾಷೆ ಎಂದು ತೊಂದರೆಯಾದಂತೆ ಕಾಣಲಿಲ್ಲ.

ಸ್ಕೂಲು ಬಿಟ್ಟ ಮೇಲೆ ನಾನು ಕುರ್ಚಿ ಎತ್ತಿಡುತ್ತ ಉಳಿದೆ. ಕೇಳಲೇಬೇಕಿತ್ತು.

"ಮಿಸೆಸ್ ನೊವಾಕ್, ಮನೆಯಲ್ಲಿ ಇಂಗ್ಲಿಷ್ ಮಾತ್ರ ಎಂದಿದ್ದಿರಿ. ಮುಂದುವರಿಸಬೇಕೇ?"

ಅವರು ಅಂಟು ಮೆತ್ತಿದ ಮೇಜನ್ನು ಒರೆಸುತ್ತಿದ್ದರು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು.

"ನನ್ನ ತಾಯಿ ಪೋಲೆಂಡಿನವಳು," ಎಂದರು. "ನಾನು ಒಂದನೇ ಕ್ಲಾಸಿನಲ್ಲಿದ್ದಾಗ ನಮ್ಮ ಟೀಚರು ಮನೆಗೆ ಬಂದು ಇದೇ ಮಾತು ಹೇಳಿದರು. ಅಮ್ಮ ಅವತ್ತೇ ಪೋಲಿಷ್ ಬಿಟ್ಟಳು. ಅವಳಿಗೆ ಇಂಗ್ಲಿಷ್ ಸ್ವಲ್ಪ ಬರುತ್ತಿತ್ತು. ಹಾಗಾಗಿ ಸ್ವಲ್ಪವೇ ಮಾತಾಡಿದಳು. ನನಗೆ ನನ್ನಮ್ಮ ಅಂದರೆ ಸುಮ್ಮನಿರುವವಳು. ಅವಳ ಸ್ವಭಾವವೇ ಹಾಗೆ ಎಂದುಕೊಂಡು ಬೆಳೆದೆ."

"ಮತ್ತೆ ನೀವೂ ಅದನ್ನೇ..."

"ಟ್ರೇನಿಂಗ್‌ನಲ್ಲಿ ಹಾಗೇ ಕಲಿಸಿದರು. ಎಷ್ಟೋ ತಾಯಂದಿರಿಗೆ ಹೇಳಿದ್ದೇನೆ. ನಮ್ಮನೆಗೆ ಬಂದ ಮಾತೂ ಇದೇ ಎಂದು ಇವತ್ತಿನವರೆಗೂ ನನಗೆ ಹೊಳೆದಿರಲಿಲ್ಲ."

"ಪೋಲಿಷ್ ಪದ ಒಂದಾದರೂ ನೆನಪಿದೆಯೇ?"

ಅವರು ಗೋಡೆ ನೋಡಿದರು. ಗೋಡೆಯ ತುಂಬ ಹದಿನಾರು ಕೈಗಳು, ಒಣಗಲು ಅಂಟಿಸಿದ್ದು.

"ಇಂಡಿಕ್," ಎಂದರು. "ಟರ್ಕಿಗೆ. ಕಸಾಯಿ ಅಂಗಡಿಯವನು ಪೋಲೆಂಡಿನವನಾಗಿದ್ದ. ವರ್ಷಕ್ಕೊಂದು ಸಲ ಅವನ ಹತ್ತಿರ ಮಾತ್ರ ಅಮ್ಮ ಆ ಪದ ಹೇಳುತ್ತಿದ್ದಳು."

ನನ್ನ ಪ್ರಶ್ನೆಗೆ ಉತ್ತರ? ಜನವರಿಯ ಪರೀಕ್ಷೆಯ ಚೀಟಿಯನ್ನು ಡೆಸ್ಕಿನಿಂದ ತೆಗೆದು, ಎರಡಾಗಿ ಹರಿದು, ಕಾಗದದ ಟರ್ಕಿಯೊಂದರ ಹೊಟ್ಟೆಗೆ ತುರುಕಿದರು. "ಇಂಗ್ಲಿಷ್ ಬರುತ್ತದೆ. ಅದರ ಪಾಡಿಗೆ ಅದು ಬರುತ್ತದೆ. ಬಿಡಿ," ಎಂದರು.

ಸಂಜೆ ನಮ್ಮವರು ಬಾಗಿಲು ತೆರೆದು ಎಂದಿನಂತೆ, "ಹೌ ವಾಸ್ ಸ್ಕೂಲ್?" ಎಂದರು.

"ಚೆನ್ನಾಗಿತ್ತು ಕಣೋ," ಎಂದರು ಅತ್ತೆ ಒಳಗಿನಿಂದ. "ನಿನ್ನ ಮಗಳು ಟೀಚರಿಗೇ ಲೆಕ್ಕ ಹೇಳ್ಕೊಟ್ಲು."

ಅವರು ನನ್ನನ್ನು ನೋಡಿದರು. ನಾನು ಎಲ್ಲ ಹೇಳಿದೆ. ಕೋಟು ಬಿಚ್ಚದೆ, ಬಾಗಿಲ ಹತ್ತಿರದ ಸ್ಟೂಲಿನ ಮೇಲೆ ಕೂತು ಕೇಳಿದರು. ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಇದೇ ಎಣಿಕೆಯನ್ನು ಇದೇ ತಾಯಿಯಿಂದ ಕಲಿತ ಬೆರಳುಗಳು. ಆಫೀಸಿನಲ್ಲಿ ಅವರು ಸೇತುವೆಗಳ ಲೆಕ್ಕ ಮಾಡುತ್ತಾರೆ.

"ಅಮ್ಮ, ಮಂಡಿನೋವು ಹೇಗಿದೆ?" ಎಂದು ಕೇಳಿದರು ಆಮೇಲೆ. "ಮೂರು ವಾರದಿಂದ ಕೇಳೇ ಇಲ್ಲ."

"ನೀನು ಕೇಳಿದ್ರೆ ತಾನೆ ನಾನು ಹೇಳೋದು? ಇಂಗ್ಲಿಷಲ್ಲಿ ಮಂಡಿಗೆ ಏನಂತಾರೋ, ನೋವಿಗೆ ಏನಂತಾರೋ. ಅದಕ್ಕೆ ನೋಯಿಸ್ಕೊಂಡು ಸುಮ್ನಿದ್ದೆ."

ನಗಬೇಕೋ ಅಳಬೇಕೋ ನಮಗೆ ಗೊತ್ತಾಗಲಿಲ್ಲ. ಶಾಲುವಿಗೆ ಅಂಥ ಗೊಂದಲವೇನೂ ಇರಲಿಲ್ಲ. ಅಜ್ಜಿಯ ತೊಡೆ ಹತ್ತಿ ಕೂತು ಮೂರು ವಾರದ ಬಾಕಿ ವರದಿಯನ್ನು ನೆನಪಿದ್ದಷ್ಟು ಒಪ್ಪಿಸತೊಡಗಿದಳು. ಊಟ ತಣ್ಣಗಾಯಿತು.

ಮರುದಿನದಿಂದ ಅವಳು ಸ್ಕೂಲಿನಲ್ಲಿ ಇಂಗ್ಲಿಷನ್ನು ಪಟಪಟನೆ ಮಾತಾಡಿದಳು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಆದರೆ ಸುಳ್ಳಾಗುತ್ತದೆ. ಈಗಲೂ ಅಲ್ಲಿ ಅವಳದು ಲೆಕ್ಕದ ಮಾತು. ಒಂದೊಂದಾಗಿ ಬರುತ್ತಿದೆ.

ನನಗೋ, ಆ 'ಇಂಡಿಕ್' ತಲೆಯಿಂದ ಹೋಗಲಿಲ್ಲ. ಶನಿವಾರ ಲೈಬ್ರರಿಗೆ ಹೋಗಿ ದಪ್ಪ ನಿಘಂಟುಗಳನ್ನು ತಿರುವಿದೆ. ಎಂಥ ವಿಚಿತ್ರ ಗೊತ್ತೇ? ಇಂಡಿಕ್ ಎಂದರೆ ಇಂಡಿಯಾದ ಹಕ್ಕಿ ಎಂದು. ಫ್ರೆಂಚರ ಹೆಸರಿಗೂ ಅದೇ ಮೂಲ. ಇಂಗ್ಲಿಷರು ಅದು ಟರ್ಕಿಯಿಂದ ಬಂತೆಂದುಕೊಂಡು ಟರ್ಕಿ ಎಂದರು. ಹಾಗಾದರೆ ಟರ್ಕಿಯವರು? ಅವರು ಅದನ್ನು 'ಹಿಂದಿ', ಅಂದರೆ ಹಿಂದೂಸ್ಥಾನದ್ದು, ಎನ್ನುತ್ತಾರಂತೆ! ಹಕ್ಕಿ ಹುಟ್ಟಿದ್ದು ಅಮೆರಿಕದಲ್ಲಿ. ನಮ್ಮ ದೇಶದ ಹೆಸರು ಹೊತ್ತು ಅರ್ಧ ಪ್ರಪಂಚ ತಿರುಗಿದೆ, ನಾವು ಮೈಸೂರಿನಲ್ಲಿ ಅದರ ಮುಖವನ್ನೇ ನೋಡಿರಲಿಲ್ಲ. ಅತ್ತೆಗೆ ಹೇಳಿದೆ. "ಹಾಗಾದ್ರೆ ನಮ್ಮ ಕಡೆಯದ್ದೇ. ಪಾಪ, ಅದನ್ನ ತಿನ್ಬಾರ್ದಿತ್ತು," ಎಂದರು.

ಇದನ್ನು ಹೇಳಲೆಂದೇ ಸೋಮವಾರ ಮಿಸೆಸ್ ನೊವಾಕ್ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನನ್ನು ಕೋಟಿನ ಗೂಟಗಳ ಹತ್ತಿರ ಕರೆದುಕೊಂಡು ಹೋದರು. ಗುರುವಾರ ಹಬ್ಬದೂಟಕ್ಕೆ ಪಕ್ಕದೂರು ಬೆಯೋನ್‌ನಲ್ಲಿರುವ ತಾಯಿಯ ಮನೆಗೆ ಹೋಗಿದ್ದರಂತೆ. ತಾಯಿಗೆ ಈಗ ಎಪ್ಪತ್ತೆಂಟು. ಟರ್ಕಿಯನ್ನು ಮೇಜಿನ ಮೇಲಿಡುವಾಗ ಇವರು ಸುಮ್ಮನೆ "ಇಂಡಿಕ್" ಎಂದರಂತೆ.

"ಅಮ್ಮ ಚಾಕು ಕೆಳಗಿಟ್ಟಳು," ಎಂದರು. "ನನ್ನ ಮುಖ ನೋಡಿದಳು. ಆಮೇಲೆ ಮಾತಾಡೋಕೆ ಶುರು ಮಾಡಿದಳು. ಪೋಲಿಷಿನಲ್ಲಿ. ಅರ್ಧ ಗಂಟೆ ಮೇಲಾಯಿತು. ನಡುವೆ ನಕ್ಕಳು, ಒಂದು ಸಲ ಅತ್ತಳು, ನನ್ನ ಕೈ ಹಿಡಿದುಕೊಂಡು ಏನನ್ನೋ ಕೇಳಿದಳು. ನಾನು ಹೂಂ ಹೂಂ ಎಂದೆ."

"ಏನು ಹೇಳಿದರು?"

ಅವರು ತೋಳಿನೊಳಗಿನ ಕರವಸ್ತ್ರ ತೆಗೆದರು. ಈ ಸಲ ಯಾವ ಮಗುವಿನ ಮೂಗಿಗೂ ಅಲ್ಲ.

"ಒಂದು ಪದವೂ ಅರ್ಥವಾಗಲಿಲ್ಲ," ಎಂದರು. "ಆದರೆ ನಿಲ್ಲಿಸು ಅನ್ನೋಕೆ ನನಗೆ ಬಾಯಿ ಬರಲಿಲ್ಲ."

ಒಂದನೇ ಕ್ಲಾಸಿನ ಮಗುವಿಗೆ ಹೇಳಬೇಕೆಂದಿದ್ದ ಆ ಮಾತುಗಳನ್ನು, ಈಗ ಆ ತಾಯಿಯಿಂದ ಕೇಳಿ ತಿಳಿದುಕೊಳ್ಳುವವರು ಯಾರು?